ಟಿವಿಯಲ್ಲಿ ಹಾಕದ ಮಾತು

ಪೆರ್ಲ ಪೇಟೆಯಲ್ಲಿ ಪುತ್ತೂರಿನ ಬಸ್ಸುಗಳು ನಿಲ್ಲುವ ಕಡೆ, ಒಂದು ಜವಳಿ ಅಂಗಡಿಯ ಮಾಳಿಗೆಯಲ್ಲಿ ನನ್ನ ಫೋಟೋ ಸ್ಟುಡಿಯೋ ಇತ್ತು. ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುತ್ತಿದ್ದೆ, ಮದುವೆ ಮತ್ತು ಗೃಹಪ್ರವೇಶಗಳಿಗೆ ಹೆಗಲ ಮೇಲೆ ವಿಡಿಯೋ ಕ್ಯಾಮರಾ ಹೊತ್ತು ಹೋಗುತ್ತಿದ್ದೆ. ತೊಂಬತ್ತರ ದಶಕದ ನಡುವಿನಲ್ಲಿ ನಮ್ಮೂರಿಗೆ ಕೇಬಲ್ ಟಿವಿ ಬಂತು. ತಂದವನು ನನ್ನ ಶಾಲೆಯ ಗೆಳೆಯ, ಅದಕ್ಕೆ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು. ತನ್ನ ಮನೆಯ ತಾರಸಿಯಲ್ಲಿ ದೊಡ್ಡ ಡಿಶ್ ನಿಲ್ಲಿಸಿ, ತೆಂಗಿನ ಮರದಿಂದ ಮರಕ್ಕೆ ವಯರು ಎಳೆದು ಮನೆಮನೆಗೆ ಕನೆಕ್ಷನ್ ಕೊಟ್ಟ. ಒಂದು ಚಾನೆಲನ್ನು ಊರಿಗೆಂದೇ ಇಟ್ಟುಕೊಂಡಿದ್ದ. ಅದರಲ್ಲಿ ಶಾಲೆಯ ವಾರ್ಷಿಕೋತ್ಸವ, ಯಕ್ಷಗಾನ, ಯಾರದೋ ಮದುವೆ, ಹೀಗೆ ನಾನು ಹಿಡಿದದ್ದೆಲ್ಲ ಓಡುತ್ತಿತ್ತು.

ಆಗ ನನ್ನ ಅಕ್ಕ ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಒಂದು ತಿಂಗಳ ಮಟ್ಟಿಗೆ ಬಂದು ಹೋಗು ಎಂದು ನನಗೆ ವೀಸಾ ಕಳಿಸಿದಳು. ಸುದ್ದಿ ಕೇಳಿ ಗೆಳೆಯ ಸ್ಟುಡಿಯೋದ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ.

"ಮಾರಾಯ, ಕ್ಯಾಮರಾ ತೆಕ್ಕೊಂಡು ಹೋಗು. ಇಲ್ಲಿ ಅರ್ಧ ಊರಿನವರ ಮಕ್ಕಳು ಗಲ್ಫಲ್ಲಿ ಇದ್ದಾರೆ. ಆದ್ರೆ ಆ ಊರು ಹೇಗುಂಟು ಅಂತ ಕಂಡವರು ಯಾರಿದ್ದಾರೆ? ನೀನು ಹಿಡ್ಕೊಂಡು ಬಾ, ವಾರಕ್ಕೆ ಅರ್ಧ ಗಂಟೆ ಹಾಕುವ."

ನಾನು ಹೊರಟೆ. ಅದಕ್ಕೆ ಮೊದಲು ಮಂಗಳೂರಿನಿಂದ ಆಚೆ ಹೋಗಿದ್ದೇ ಕಡಿಮೆ. ಮಸ್ಕತ್ತಿನಲ್ಲಿ ಕಂಡದ್ದೆಲ್ಲ ನನಗೆ ಹಿಡಿಯಬೇಕಾದದ್ದೇ ಆಗಿತ್ತು. ಗಿಡವಿಲ್ಲದ ಕಂದು ಬೆಟ್ಟಗಳು, ಅವುಗಳ ಬುಡದಲ್ಲಿ ಬಿಳಿಯ ಮನೆಗಳು, ಬಂದರಿನ ಪಕ್ಕದ ಮೀನಿನ ಮಾರುಕಟ್ಟೆ, ನಮ್ಮ ಕಡೆಯದೇ ಬಂಗುಡೆ, ನಮ್ಮ ಕಡೆಯಲ್ಲಿ ಕಾಣದಷ್ಟು ದೊಡ್ಡ ಕೇದರ ಮೀನು. ಮೊಗ್ರಾಲಿನ ಒಬ್ಬರು ಬ್ಯಾರಿಗಳ ಕಿರಾಣಿ ಅಂಗಡಿಯಲ್ಲಿ ಒಂದಿಡೀ ಬೆಳಿಗ್ಗೆ ಕಳೆದೆ. ಅವರು ಖರ್ಜೂರದ ಹತ್ತು ಜಾತಿಗಳನ್ನು ಒಂದೊಂದಾಗಿ ಕ್ಯಾಮರಾದ ಮುಂದೆ ಹಿಡಿದು, ಪ್ರತಿಯೊಂದಕ್ಕೂ "ಇದು ಬೇರೆಯೇ" ಎಂದರು. ಬೇರೆ ಎಂತ ಎಂದು ಒಂದಕ್ಕೂ ಹೇಳಲಿಲ್ಲ. ಒಮ್ಮೆ ಒಂದು ಸರ್ಕಾರಿ ಕಟ್ಟಡದ ಎದುರು ಕ್ಯಾಮರಾ ಎತ್ತಿದಾಗ ಪೊಲೀಸನೊಬ್ಬ ಕೈ ಬೀಸುತ್ತ ಬಂದ. ಅಕ್ಕ ಮುರುಕು ಅರಬಿಯಲ್ಲಿ ಏನೇನೋ ಹೇಳಿ ನನ್ನನ್ನು ಕಾರಿಗೆ ತುಂಬಿದಳು.

ಅಲ್ಲಿ ಇಗರ್ಜಿಯ ಪೂಜೆ ಶುಕ್ರವಾರ, ರಜೆ ಅಂದೇ ಆದ್ದರಿಂದ. ಎರಡನೆಯ ಶುಕ್ರವಾರ ಪೂಜೆ ಮುಗಿದ ಮೇಲೆ ಅಕ್ಕ ಒಬ್ಬಳನ್ನು ಕರೆದು ತಂದಳು. "ಇವಳು ನಮ್ಮ ಎಣ್ಮಕಜೆಯವಳು" ಎಂದಳು. ಮೂವತ್ತರ ಹತ್ತಿರದ ಪ್ರಾಯ, ಸಪೂರ ದೇಹ. ಕೈಗಳು ಮಣಿಕಟ್ಟಿನವರೆಗೆ ಒಡೆದು ಬಿರುಕು ಬಿಟ್ಟಿದ್ದವು. ಅದಕ್ಕೆ ಮುಲಾಮು ಕೇಳಲು ಬಂದೇ ಅಕ್ಕನಿಗೆ ಪರಿಚಯವಾದದ್ದಂತೆ. ಒಂದು ಮನೆಯಲ್ಲಿ ಕೆಲಸಕ್ಕಿದ್ದಳು. ಊರಲ್ಲಿ ತಾಯಿ, ಗೇರು ತೋಟದಲ್ಲಿ ಕೂಲಿಗೆ ಹೋಗುವ ಅಣ್ಣ, ಬೀಡಿ ಕಟ್ಟುವ ತಂಗಿ. ನಮ್ಮ ಹಾಗೆಯೇ ಕೊಂಕಣಿ ಮಾತಾಡುವ ಕ್ರೈಸ್ತರು. ಎಣ್ಮಕಜೆ ನಮಗೆ ದೂರವಲ್ಲ, ಆದರೆ ಅವರ ಮನೆಯ ಪರಿಚಯ ನನಗಿರಲಿಲ್ಲ.

ಅವಳನ್ನು ಹಿಡಿಯಲೇಬೇಕು ಅನಿಸಿತು. ಊರಿನ ಹೆಂಗಸು, ಪರದೇಶದಲ್ಲಿ, ಊರಿನ ಟಿವಿಗೆ. ಆದರೆ ಅವಳ ಬಟ್ಟೆ ಮಾಸಿತ್ತು. ನಾನೇ ಅಕ್ಕನ ಹೊಸ ರೇಷ್ಮೆ ಶಾಲನ್ನು ಅವಳ ಹೆಗಲಿಗೆ ಹಾಕಿಸಿದೆ, ಅಕ್ಕನ ಚರ್ಮದ ಬ್ಯಾಗನ್ನು ಕೈಗೆ ಕೊಡಿಸಿದೆ. ಕೈಯ ಬಿರುಕು ಕಾಣದ ಹಾಗೆ ಬ್ಯಾಗನ್ನು ಸ್ವಲ್ಪ ಮೇಲೆ ಹಿಡಿಯಲು ಹೇಳಿದೆ. ಎಲ್ಲರಿಗೂ ಅರ್ಥವಾಗಬೇಕು, ಕನ್ನಡದಲ್ಲೇ ಮಾತಾಡು ಎಂದೆ. ಕಾಗದದ ಹೂವಿನ ಬಳ್ಳಿ ಇಳಿಬಿದ್ದ ಗೋಡೆಯ ಎದುರು ನಿಂತು ಅವಳು ನಕ್ಕಳು.

"ಅಮ್ಮಾ, ನಾನು ಇಲ್ಲಿ ಚಂದ ಇದ್ದೇನೆ. ಮನೆಯವರು ಒಳ್ಳೆಯವರು. ನೀನು ಮದ್ದು ಬಿಡ್ಬೇಡ. ನನ್ನ ಚಿಂತೆ ಮಾಡ್ಬೇಡ."

ಕ್ಯಾಮರಾ ಇನ್ನೂ ಓಡುತ್ತಿತ್ತು. ಅವಳು ಆಚೀಚೆ ನೋಡಿ, ದನಿ ತಗ್ಗಿಸಿ ಕೊಂಕಣಿಯಲ್ಲಿ ಹೇಳತೊಡಗಿದಳು. ಇಷ್ಟನ್ನು ಅಮ್ಮನಿಗೆ ತೋರಿಸಿ ಸಾಕು. ಇನ್ನು ಹೇಳುವುದನ್ನು ಟಿವಿಯಲ್ಲಿ ಹಾಕಬೇಡಿ, ಅಣ್ಣನಿಗೆ ಮಾತ್ರ ಹೇಳಿ. ಪಾಸ್‌ಪೋರ್ಟು ಆ ಮನೆಯವರ ಹತ್ತಿರ ಉಂಟು, ಕೇಳಿದರೆ ಕೊಡುವುದಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದರೆ ಮಲಗುವ ಹೊತ್ತು ಗೊತ್ತಿಲ್ಲ. ಮನೆಯ ಯಜಮಾನಿ ಕೈ ಮಾಡುತ್ತಾಳೆ. ಕಾಗದವನ್ನು ಪೋಸ್ಟ್ ಮಾಡುವುದು ಅವರ ಡ್ರೈವರು, ಅವನು ನಮ್ಮ ಕಡೆಯವನೇ, ಓದಿ ಅವರಿಗೆ ಹೇಳುತ್ತಾನೆ, ಆದ್ದರಿಂದ ಬರೆಯುವ ಹಾಗಿಲ್ಲ.

"ನಾನು ಹೇಗಾದ್ರೂ ಎರಡು ವರ್ಷ ತೆಗೀತೇನೆ" ಎಂದಳು. "ತಂಗಿಗೆ ಅದೇ ಏಜೆಂಟ್ ಹತ್ರ ಕೇಳ್ತಾ ಇದ್ದಾರಂತೆ. ಅವಳನ್ನು ಕಳಿಸ್ಲಿಕ್ಕೆ ಬೇಡ ಅಂತ ಅಣ್ಣನಿಗೆ ಹೇಳಿ. ಮರೀಬೇಡಿ ಅಣ್ಣಾ."

"ಮರೆಯುವುದಿಲ್ಲ" ಎಂದೆ. ಅಕ್ಕನೂ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು.

ಊರಿಗೆ ಮರಳಿದ ಮೇಲೆ ಕಾರ್ಯಕ್ರಮದ ಕೆಲಸ ಶುರುವಾಯಿತು. ಎರಡು ವಿಸಿಆರ್‌ಗಳನ್ನು ಜೋಡಿಸಿ ಒಂದರಿಂದ ಇನ್ನೊಂದಕ್ಕೆ ಬೇಕಾದಷ್ಟನ್ನೇ ಇಳಿಸುವುದು, ಅದೇ ನಮ್ಮ ಎಡಿಟಿಂಗ್. ಗುಂಡಿ ಒತ್ತುವುದು ಅರ್ಧ ಸೆಕೆಂಡು ತಡವಾದರೂ ಮತ್ತೆ ಮೊದಲಿಂದ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅದನ್ನು ಮಾಡುತ್ತಿದ್ದೆ. ಥರ್ಮೋಕೋಲಿನಲ್ಲಿ ಅಕ್ಷರ ಕೊರೆದು, ನೀಲಿ ಬೆಡ್‌ಶೀಟಿನ ಮೇಲೆ ಅಂಟಿಸಿ ಕಾರ್ಯಕ್ರಮದ ಹೆಸರು ಹಿಡಿದೆವು. ವಿವರಣೆಗೆ ಹೆಂಡತಿಯ ದನಿ. ಅವಳು ಶಾಲೆಯಲ್ಲಿ ಕನ್ನಡ ಟೀಚರು, ಉಚ್ಚಾರ ಸ್ಪಷ್ಟ. ನಾನು ಬರೆದುಕೊಟ್ಟದ್ದನ್ನು ಕಿಟಕಿ ಬಾಗಿಲು ಮುಚ್ಚಿ ಸ್ಟುಡಿಯೋದಲ್ಲಿ ಓದುತ್ತಿದ್ದಳು. ಆದರೂ ಕೆಳಗಿನಿಂದ ಬಸ್ಸಿನ ಹಾರ್ನ್ ನುಸುಳುತ್ತಿತ್ತು. ಮಸ್ಕತ್ತಿನ ಅರಮನೆಯ ಎದುರು ಪುತ್ತೂರು ಬಸ್ಸಿನ ಕಂಡಕ್ಟರು "ಹೋಗುವಾ, ರೈಟ್" ಎಂದದ್ದು ಹಾಗೆಯೇ ಪ್ರಸಾರವಾಗಿ ಊರೆಲ್ಲ ನಕ್ಕಿತು.

ಭಾನುವಾರ ಸಂಜೆ ಐದಕ್ಕೆ ಮೊದಲ ಕಂತು ಬಂತು. ಮರುದಿನ ಪೇಟೆಯಲ್ಲಿ ನಾನು ಬೇರೆಯೇ ಮನುಷ್ಯ. ಹೋಟೆಲಿನವರು ಚಾ ಕೊಟ್ಟು ಕೂರಿಸಿ ಅಲ್ಲಿಯ ನೀರಿನ ವಿಷಯ ಕೇಳಿದರು. ಬಸ್ಸಿನಲ್ಲಿ ಅಪರಿಚಿತರು ಸೀಟು ಬಿಟ್ಟುಕೊಟ್ಟರು. ಮೊಗ್ರಾಲಿನ ಅಂಗಡಿಯವರ ಹೆಂಡತಿ ಮಕ್ಕಳು ಎರಡು ಬಸ್ಸು ಬದಲಿಸಿ ಬಂದು, ನನ್ನ ಸ್ಟುಡಿಯೋದಲ್ಲಿ ಕೂತು ಖರ್ಜೂರದ ಭಾಗವನ್ನು ಮೂರು ಸಲ ನೋಡಿದರು. ಹತ್ತು ವರ್ಷ ಮದುವೆಮನೆಗಳಲ್ಲಿ "ಸ್ವಲ್ಪ ಆಚೆ ಸರೀರಿ" ಎಂದು ಬೈಸಿಕೊಂಡವನು ನಾನು. ಈ ಮರ್ಯಾದೆ ತಲೆಗೆ ಏರಿತು. ಸುಳ್ಳು ಹೇಳುವುದಿಲ್ಲ, ತುಂಬಾ ಏರಿತು.

ಎಣ್ಮಕಜೆಗೆ ಹೋಗಬೇಕಿತ್ತು. ಬಸ್ಸು ಹಿಡಿದರೆ ಸ್ವಲ್ಪ ಹೊತ್ತು, ಇಳಿದ ಮೇಲೆ ಗೇರು ತೋಟದ ಬದಿಯಲ್ಲಿ ನಡಿಗೆ. ಪ್ರತಿ ಸೋಮವಾರ ಈ ವಾರ ಹೋಗುತ್ತೇನೆ ಎಂದುಕೊಳ್ಳುತ್ತಿದ್ದೆ. ಕೆಲಸವಿತ್ತು ಎನ್ನುವುದು ನಿಜ, ಆದರೆ ಪೂರ್ತಿ ನಿಜವಲ್ಲ. ಆ ಮಾತನ್ನು ಹೇಳಿದರೆ ಊರಲ್ಲಿ ಹಬ್ಬುತ್ತದೆ, ನಾನು ತೋರಿಸುತ್ತಿರುವ ಚಂದದ ಊರಿನ ಬಗ್ಗೆ ಜನ ಬೇರೆ ಪ್ರಶ್ನೆ ಕೇಳುತ್ತಾರೆ ಎಂಬ ಅಳುಕು ಒಳಗೆ ಇತ್ತು. ಹೆಂಡತಿಗೂ ಹೇಳಿರಲಿಲ್ಲ. ಕೊಂಕಣಿಯ ಆ ಭಾಗವನ್ನು ಅವಳು ಇಲ್ಲದಾಗ ನೋಡಿ, ಕನ್ನಡದ ಭಾಗವನ್ನಷ್ಟೇ ಇಳಿಸಿಕೊಂಡಿದ್ದೆ.

ಎಣ್ಮಕಜೆಯವಳು ಕಾಣುವ ಕಂತು ನಾಲ್ಕನೆಯದು. ಅವಳ ಮನೆಯವರಿಗೆ ಇಗರ್ಜಿಯ ಮೂಲಕ ಹೇಳಿ ಕಳಿಸಿದೆ, ಅವರ ಕಡೆಗೆ ಕೇಬಲ್ ಹೋಗಿರಲಿಲ್ಲ. ಭಾನುವಾರ ನಾಲ್ಕು ಗಂಟೆಗೇ ಮೂವರೂ ಗೆಳೆಯನ ಮನೆಗೆ ಬಂದರು. ತಾಯಿ ಮುಂದಿನ ಕುರ್ಚಿಯಲ್ಲಿ, ತಂಗಿ ನೆಲದಲ್ಲಿ, ಅಣ್ಣ ಬಾಗಿಲಿನ ಹತ್ತಿರ ನಿಂತು. ನೆರೆಕರೆಯವರೂ ಸೇರಿ ಕೋಣೆ ತುಂಬಿತ್ತು.

ಮಗಳು ಪರದೆಯ ಮೇಲೆ ಬಂದಾಗ ತಾಯಿ ಎದ್ದು ಹೋಗಿ ಟಿವಿಯ ಗಾಜಿಗೆ ಅಂಗೈ ಇಟ್ಟರು. ಯಾರೂ ಸರಿಯಿರಿ ಎನ್ನಲಿಲ್ಲ. ತಂಗಿ ಮಾತ್ರ ಕತ್ತು ಓರೆ ಮಾಡಿ ತಾಯಿಯ ಕೈಯ ಪಕ್ಕದಿಂದ ನೋಡುತ್ತಲೇ ಇದ್ದಳು. "ಅಕ್ಕನ ಬ್ಯಾಗ್ ನೋಡು ಅಮ್ಮಾ" ಎಂದಳು. ಹಿಂದಿನಿಂದ ಯಾರೋ ಹೆಂಗಸು, "ಶಾಲು ರೇಷ್ಮೆಯದ್ದು, ಗೊತ್ತಾಗುದಿಲ್ವಾ?" ಎಂದರು.

ಮುಗಿದ ಮೇಲೆ ಅಣ್ಣ ನನ್ನ ಎರಡೂ ಕೈ ಹಿಡಿದುಕೊಂಡ. "ನೀವು ಮಾಡಿದ ಉಪಕಾರ ಸಣ್ಣದಲ್ಲ ಮಾರಾಯ್ರೆ. ಅಮ್ಮ ಎರಡು ತಿಂಗಳಿಂದ ಸರಿ ಊಟ ಮಾಡಿರ್ಲಿಲ್ಲ." ಆಮೇಲೆ ತಂಗಿಯನ್ನು ಗಲ್ಲದಿಂದಲೇ ತೋರಿಸಿ, "ಇವಳಿಗೂ ಅಲ್ಲಿಯೇ ನೋಡ್ತಾ ಇದ್ದೇವೆ. ಇವತ್ತು ಕಂಡ ಮೇಲೆ ನನಗೆ ಧೈರ್ಯ ಬಂತು" ಎಂದ.

ಅದಕ್ಕಿಂತ ಸರಿಯಾದ ಗಳಿಗೆ ಬೇರೆ ಇರಲಿಲ್ಲ. ಅಂಗಳಕ್ಕೆ ಕರೆದುಕೊಂಡು ಹೋಗಿ ನಾಲ್ಕು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ತಾಯಿ ಕಣ್ಣೊರೆಸಿಕೊಂಡು ನಗುತ್ತಿದ್ದರು. ಗೆಳೆಯ ಎಲ್ಲರಿಗೂ ಶರಬತ್ತು ಹಂಚುತ್ತಿದ್ದ. ಜನ ನನ್ನನ್ನೇ ನೋಡುತ್ತಿದ್ದರು.

"ಒಮ್ಮೆ ಮನೆಗೆ ಬರ್ತೇನೆ, ಮಾತಾಡ್ಲಿಕ್ಕುಂಟು" ಎಂದೆ.

"ಬನ್ನಿ ಬನ್ನಿ, ಕೋಳಿ ಪದಾರ್ಥ ಮಾಡುವ" ಎಂದ ಅವನು.

ನಾನು ಹೋಗಲಿಲ್ಲ. ಕಂತುಗಳು ಹನ್ನೊಂದಾದವು. ಎರಡು ಮೂರು ತಿಂಗಳು ಕಳೆದಿರಬೇಕು, ಒಂದು ಬೆಳಿಗ್ಗೆ ತಂಗಿ ಒಬ್ಬಳೇ ಸ್ಟುಡಿಯೋಕ್ಕೆ ಬಂದಳು. ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದಿದ್ದಳು. ಪಾಸ್‌ಪೋರ್ಟಿಗೆ ಫೋಟೋ ಬೇಕಿತ್ತು.

ಸ್ಟೂಲಿನ ಮೇಲೆ ಕೂರಿಸಿದೆ. ಲೈಟು ಹಾಕಿದೆ. "ಗಲ್ಲ ಸ್ವಲ್ಪ ಮೇಲೆ. ನಗ್ಬೇಡ" ಎಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. ಎರಡು ಸಲ ನಿಲ್ಲಿಸಬೇಕಾಯಿತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು, ಯಾವ ಅವಸರವೂ ಇರಲಿಲ್ಲ. ಅವಳಿಗೇ ಹೇಳಬಹುದಿತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು? ತಡವಾದಷ್ಟೂ ಆ ಮಾತು ನನ್ನದೇ ತಪ್ಪಾಗಿ ಬೆಳೆದಿತ್ತು.

"ಅಲ್ಲಿ ಹುಷಾರಾಗಿರು" ಎಂದೆ, ಫೋಟೋ ಕವರಿಗೆ ಹಾಕಿ ಕೊಡುವಾಗ.

"ಅಕ್ಕ ಇದ್ದಾಳಲ್ಲ ಅಲ್ಲಿ, ಎಂತ ಹೆದರಿಕೆ?" ಎಂದು ಅವಳು ಮೆಟ್ಟಿಲಿಳಿದು ಹೋದಳು.

ಅವಳನ್ನು ಕಳಿಸಿದ್ದು ಅವಳ ಅಕ್ಕನಿದ್ದ ಊರಿಗಲ್ಲ, ಅಲ್ಲಿಂದ ಎಷ್ಟೋ ಗಂಟೆಯ ದಾರಿಯ ಬೇರೊಂದು ಊರಿಗೆ. ಇದು ಗೊತ್ತಾದದ್ದು ನನ್ನ ಅಕ್ಕನ ಕಾಗದದಿಂದ. "ತಂಗಿ ಬಂದಿದ್ದಾಳೆ ಅಂತ ತಿಳಿದು ಅವಳು ಇಗರ್ಜಿಯಲ್ಲಿ ನನ್ನ ಎದುರು ಕೂತು ಅತ್ತಳು. ನೀನು ಅವಳ ಅಣ್ಣನಿಗೆ ಹೇಳಿದ್ದೀಯಾ ಇಲ್ಲವಾ? ಸ್ಪಷ್ಟವಾಗಿ ಬರೆ" ಎಂದಿತ್ತು ಅದರಲ್ಲಿ.

ಎರಡು ದಿನ ಆ ಕಾಗದವನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದೆ. ಮೂರನೆಯ ದಿನ ಉತ್ತರ ಬರೆದೆ. "ಹೇಳಿದ್ದೇನೆ. ಅವನು ಕೇಳಲಿಲ್ಲ."

ಅದನ್ನು ಅಂಚೆಗೆ ಹಾಕಿ ಬಂದು ಎಂದಿನ ಹಾಗೆ ಕೆಲಸಕ್ಕೆ ಕೂತೆ. ಅದೇ ನನಗೆ ಇವತ್ತಿಗೂ ಹೆದರಿಕೆ ಹುಟ್ಟಿಸುವ ಸಂಗತಿ. ಆ ವರ್ಷ ಈಸ್ಟರಿನ ಮೊದಲು ಪಾಪನಿವೇದನೆಗೆ ಹೋದಾಗ "ಸುಳ್ಳು ಹೇಳಿದ್ದೇನೆ" ಎಂದಷ್ಟೇ ಹೇಳಿದೆ. ಫಾದರ್ ಕೊಟ್ಟ ಜಪಗಳನ್ನು ಅಲ್ಲೇ ಮೊಣಕಾಲೂರಿ ಮುಗಿಸಿ, ಮನೆಗೆ ಬಂದು ಊಟ ಮಾಡಿದೆ.

ತಂಗಿ ಹತ್ತು ತಿಂಗಳಿಗೆ ಮರಳಿ ಬಂದಳು. ಕುದಿಯುವ ಎಣ್ಣೆ ಬಿದ್ದು ಬಲ ಮೊಣಕೈಯಿಂದ ಕೆಳಗೆ ಸುಟ್ಟಿತ್ತು. ಸರಿಯಾದ ಚಿಕಿತ್ಸೆ ಸಿಗದೆ ಚರ್ಮ ಎಳೆದು ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಬೀಡಿ ಕಟ್ಟುವುದು ಇನ್ನು ಆಗದ ಮಾತು. ಎಣ್ಣೆ ತಾನಾಗಿ ಬಿದ್ದದ್ದೇ, ಯಾರಾದರೂ ಚೆಲ್ಲಿದ್ದೇ ಎಂದು ಅವಳು ಯಾರಿಗೂ ಹೇಳಲಿಲ್ಲ. ನಾನು ಪೇಟೆಯಲ್ಲಿ ಅವಳನ್ನು ಕಂಡರೆ ಅಂಗಡಿಯ ಒಳಗೆ ಸರಿಯುತ್ತಿದ್ದೆ.

ಮರುವರ್ಷ ದೊಡ್ಡವಳೂ ಬಂದಳು. ಬಂದವಳು ಅಣ್ಣನ ಮನೆಯ ಮೆಟ್ಟಿಲು ಹತ್ತಲಿಲ್ಲ. ಪೆರ್ಲದಲ್ಲೇ ಒಂದು ಬಾಡಿಗೆ ಕೋಣೆ ಹಿಡಿದು, ತಾಯಿಯನ್ನೂ ತಂಗಿಯನ್ನೂ ಅಲ್ಲಿಗೆ ಕರೆಸಿಕೊಂಡು, ಒಂದು ಹೊಲಿಗೆ ಮೆಶಿನು ಇಟ್ಟಳು. ಅಣ್ಣ ಎಣ್ಮಕಜೆಯ ಮನೆಯಲ್ಲಿ ಒಬ್ಬನೇ ಉಳಿದ. ಏನೋ ಮನೆಜಗಳ ಎಂದು ನನ್ನ ಹೆಂಡತಿ ಹೇಳಿದಳು. ನಾನು ಬರೆದ ಉತ್ತರವನ್ನು ಮಸ್ಕತ್ತಿನ ಅಕ್ಕ ದೊಡ್ಡವಳಿಗೆ ತಿಳಿಸಿರಬೇಕು. ಜಗಳ ಯಾವುದೆಂದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಹುಳದ ಮದ್ದು ಸಿಂಪಡಿಸುತ್ತಿದ್ದಾರೆಂದು ಕೂಲಿಯವರಿಗೆ ಕೆಲಸವಿರಲಿಲ್ಲ. ಅಂದು ಅಣ್ಣ ಸ್ಟುಡಿಯೋಕ್ಕೆ ಬಂದ. ಕೂರಿ ಎಂದರೆ ಕೂರಲಿಲ್ಲ.

"ನಿಮ್ಮತ್ರ ಒಂದು ಕೇಳ್ಲಿಕ್ಕುಂಟು. ಕೋಪ ಮಾಡ್ಬೇಡಿ" ಎಂದ. "ತಂಗಿಯನ್ನು ಕಳಿಸ್ಬೇಡ ಅಂತ ನೀವು ನನಗೆ ಹೇಳಿದ್ರಂತೆ. ನಾನು ಕೇಳಿರ್ಲಿಲ್ಲ ಅಂತೆ. ಅಮ್ಮನ ತಲೆ ಮೇಲೆ ಕೈ ಇಟ್ಟು ಹೇಳಿದೆ, ನನಗೆ ಯಾರೂ ಹೇಳ್ಲಿಲ್ಲ ಅಂತ. ದೊಡ್ಡವಳು ನಂಬುದಿಲ್ಲ. ಸ್ಟುಡಿಯೋದವರು ಸುಳ್ಳು ಹೇಳುವ ಜನ ಅಲ್ಲ ಅಂತಾಳೆ. ಹೌದು, ನಾನೂ ಹಾಗೇ ಹೇಳ್ತೇನೆ. ನನಗೇ ಎಲ್ಲಿಯಾದ್ರೂ ಮರ್ತು ಹೋಗಿದ್ಯಾ ಅಂತ ಮೂರು ತಿಂಗಳಿಂದ ತಲೆ ಕೆಡಿಸ್ಕೊಂಡಿದ್ದೇನೆ. ಯಾವಾಗ ಹೇಳಿದ್ರಿ, ಎಲ್ಲಿ ಹೇಳಿದ್ರಿ, ಅಷ್ಟು ನೆನಪು ಮಾಡಿ ಕೊಡಿ."

ಅವನು ನನ್ನ ಮೇಲೆ ಸಂಶಯ ಪಟ್ಟಿದ್ದರೆ ಬಹುಶಃ ನಾನು ಇನ್ನೊಂದು ಸುಳ್ಳು ಹೇಳುತ್ತಿದ್ದೆ. ಅವನು ತನ್ನ ಮೇಲೆಯೇ ಸಂಶಯ ಪಟ್ಟುಕೊಂಡು ಬಂದಿದ್ದ.

"ನಾನು ಹೇಳ್ಲಿಲ್ಲ" ಎಂದೆ. "ನಿಮಗೆ ಮರ್ತದ್ದಲ್ಲ. ನಾನು ಹೇಳ್ಲೇ ಇಲ್ಲ. ಹೇಳಿದ್ದೇನೆ ಅಂತ ಸುಳ್ಳು ಬರ್ದೆ."

ಅವನು ಹೊಡೆಯಬಹುದು ಎಂದುಕೊಂಡೆ. ಅವನು ಮೆಟ್ಟಿಲಿನ ಕಡೆ ತಿರುಗಿದ. "ಬನ್ನಿ" ಎಂದ. "ಅಲ್ಲಿ ಬಂದು ಹೇಳಿ."

ಬಾಡಿಗೆ ಕೋಣೆಗೆ ಐದು ನಿಮಿಷದ ದಾರಿ. ಅವನು ಮುಂದೆ, ನಾನು ಹಿಂದೆ. ಬಾಗಿಲಲ್ಲಿ ಅಣ್ಣನನ್ನು ಕಂಡು ದೊಡ್ಡವಳು ಮೆಶಿನಿನಿಂದ ಎದ್ದಳು. ನನ್ನನ್ನು ಕಂಡು ನಿಂತಳು. ತಾಯಿ ಚಾಪೆಯ ಮೇಲೆ ಕೂತಿದ್ದರು, ತಂಗಿ ಎಡಗೈಯಲ್ಲಿ ಗುಂಡಿ ಹೊಲಿಯಲು ಕಲಿಯುತ್ತಿದ್ದಳು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಗೆಳೆಯನ ಮನೆಯಲ್ಲಿ ಸುಮ್ಮನಿದ್ದದ್ದು, ಫೋಟೋ ತೆಗೆಯುವಾಗ ಸುಮ್ಮನಿದ್ದದ್ದು, ಅಕ್ಕನಿಗೆ ಬರೆದದ್ದು.

"ಯಾಕೆ?" ಎಂದಳು ದೊಡ್ಡವಳು.

ಆ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಬೈಗಳಿಗೆ ತಯಾರಾಗಿದ್ದೆ. "ಜನ ನನ್ನ ಕಾರ್ಯಕ್ರಮವನ್ನು ಮೆಚ್ಚಿದ್ರು" ಎಂದು ಬಾಯಿಗೆ ಬಂತು. ಹೇಳಿದ ಮೇಲೆ ಅದು ಎಷ್ಟು ಸಣ್ಣದೆಂದು ನನ್ನ ಕಿವಿಗೇ ಕೇಳಿಸಿತು.

"ಆ ಕ್ಯಾಸೆಟ್ ಉಂಟಾ? ನಾನು ಮಾತಾಡಿದ್ದು?"

ಇರಲಿಲ್ಲ. ಅದರ ಮೇಲೆ ಯಾರದೋ ಮದುವೆ ಹಿಡಿದಾಗಿತ್ತು. ಅದನ್ನೂ ಹೇಳಿದೆ.

ಆಗ ತಂಗಿ, ಸೂಜಿ ಕೆಳಗಿಟ್ಟು, "ನನಗೆ ಹೇಳಿದ್ರೂ ನಾನು ಹೋಗ್ತಿದ್ದೆನೋ ಏನೋ. ಆಗ ನನಗೆ ಹೋಗುವ ಆಸೆ ಅಷ್ಟಿತ್ತು" ಎಂದಳು.

ನನಗೆ ಒಂದು ಕ್ಷಣ ಉಸಿರು ಹಗುರಾಯಿತು. ದೊಡ್ಡವಳು ಅದನ್ನು ಕಂಡಳೆಂದು ಕಾಣುತ್ತದೆ. "ಹೋಗುದಾ ಬೇಡ್ವಾ ಅಂತ ನೀನು ಹೇಳ್ಬೇಕಿತ್ತು" ಎಂದಳು ತಂಗಿಗೆ. "ಇವರಲ್ಲ."

ತಾಯಿ ಮಗನ ಕೈ ಹಿಡಿದು ತಮ್ಮ ಪಕ್ಕ ಚಾಪೆಯ ಮೇಲೆ ಕೂರಿಸಿಕೊಂಡರು. ಮೂರು ತಿಂಗಳಿಂದ ಹೊರಗೆ ನಿಂತವನು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ದೊಡ್ಡವಳು ಅವನ ಹತ್ತಿರ ಹೋಗಲಿಲ್ಲ, ಆದರೆ ಒಳಗೆ ಹೋಗಿ ಒಂದು ಲೋಟ ನೀರು ತಂದು ಅವನ ಮುಂದೆ ಇಟ್ಟಳು. ನನ್ನನ್ನು ಯಾರೂ ಹೋಗು ಎನ್ನಲಿಲ್ಲ. ನಾನೇ ಹೊರಟು ಬಂದೆ.

ಅಂದೇ ಸಂಜೆ ಹೆಂಡತಿಗೆ ಹೇಳಿದೆ. ಅವಳು, "ಆ ಕಂತಿಗೆ ನನ್ನ ದನಿ ಉಂಟು" ಎಂದಳು. "ನಮ್ಮೂರಿನ ಮಗಳು ಅಲ್ಲಿ ಸುಖವಾಗಿದ್ದಾಳೆ ಅಂತ ಓದಿದ್ದು ನಾನು." ಮಸ್ಕತ್ತಿನ ಅಕ್ಕನಿಗೂ ಸತ್ಯ ಬರೆದೆ. ಆರು ತಿಂಗಳು ಅವಳ ಕಾಗದವಿರಲಿಲ್ಲ. ಗೆಳೆಯ ಬಹರೈನಿನ ಒಬ್ಬರ ಪರಿಚಯ ಹಿಡಿದು, ಅಲ್ಲಿಗೂ ಹೋಗಿ ಇನ್ನೊಂದು ಸಾಲು ಕಾರ್ಯಕ್ರಮ ಮಾಡುವ ಎಂದು ಬಂದ. ಆಗುವುದಿಲ್ಲ ಎಂದೆ. "ನಿನಗೆ ಎಂತ ಮರ್ಲಾ, ತಲೆ ಕೆಟ್ಟಿದ್ಯಾ?" ಎಂದು ಸಿಟ್ಟಾಗಿ ಹೋದ. ಕಾರಣ ಹೇಳಿದ ಮೇಲೆ ಮತ್ತೆ ಆ ಮಾತು ಎತ್ತಲಿಲ್ಲ.

ಅಣ್ಣ ತಂಗಿಯರು ಒಂದಾದರು, ಒಂದೇ ದಿನದಲ್ಲಲ್ಲ. ಮೊದಲು ಅವನು ಭಾನುವಾರ ಮಾತ್ರ ಬರುತ್ತಿದ್ದ. ಆಮೇಲೆ ತಾಯಿ ಎಣ್ಮಕಜೆಗೆ ಹಿಂದಿರುಗಿದರು. ಹೊಲಿಗೆ ಚೆನ್ನಾಗಿ ನಡೆಯುತ್ತಿದ್ದುದರಿಂದ ಅಕ್ಕ ತಂಗಿ ಪೆರ್ಲದಲ್ಲೇ ಉಳಿದರು. ತಂಗಿಯ ಕೈಯನ್ನು ಮಂಗಳೂರಿನ ಆಸ್ಪತ್ರೆಯಲ್ಲಿ ತೋರಿಸಿದ ಮೇಲೆ ಬೆರಳುಗಳು ಸ್ವಲ್ಪ ಸಡಿಲವಾದವು. ಕತ್ತರಿ ಹಿಡಿಯುವಷ್ಟು ಆಯಿತು, ಅದಕ್ಕಿಂತ ಹೆಚ್ಚು ಆಗಲಿಲ್ಲ.

ದೊಡ್ಡವಳಲ್ಲಿ ನಾನು ಎರಡು ಸಲ ಕ್ಷಮೆ ಕೇಳಿದ್ದೇನೆ. ಮೊದಲ ಸಲ, ಇಗರ್ಜಿಯ ಮೆಟ್ಟಿಲಲ್ಲಿ, ನಾನು ಮಾತು ಮುಗಿಸುವ ಮೊದಲೇ ಅವಳು ಇಳಿದು ಹೋದಳು. ಎರಡನೆಯ ಸಲ ವರ್ಷದ ನಂತರ, ಅವಳ ಅಂಗಡಿಯ ಬಾಗಿಲಲ್ಲಿ. ಅವಳು ಮೆಶಿನು ನಿಲ್ಲಿಸಿ ನಾನು ಹೇಳಿದ್ದನ್ನು ಕೊನೆಯವರೆಗೆ ಕೇಳಿದಳು. ಹಲ್ಲಿನಿಂದ ನೂಲು ತುಂಡು ಮಾಡಿ, "ಟೀಚರ ಬ್ಲೌಸು ಶುಕ್ರವಾರ ಕೊಡ್ತೇನೆ, ಅವರಿಗೆ ಹೇಳಿ" ಎಂದಳು. ನಾನು ಆಗಲಿ ಎಂದು ಹೊರಟು, ನೇರ ಮನೆಗೆ ಹೋಗಿ ಆ ಮಾತನ್ನು ಹಾಗೆಯೇ ಹೆಂಡತಿಗೆ ಹೇಳಿದೆ.